ದೂರು ಮುಗಿಯಿತು ಎಂದು ಹೇಳುವ ಅಧಿಕಾರ ಯಾರದು?

ಹಿಪ್ಪುನೇರಳೆ (ಶಿಡ್ಲಘಟ್ಟ ತಾಲ್ಲೂಕು):

ನಮಸ್ಕಾರ. ನಮ್ಮ ಹಳ್ಳಿಯಲ್ಲಿ ನಾನೊಂದು ಸೇವಾ ಕೇಂದ್ರ ನಡೆಸುತ್ತೇನೆ. ಪಹಣಿ, ಜಾತಿ ಪ್ರಮಾಣಪತ್ರ, ಕರೆಂಟ್ ಬಿಲ್ಲುಗಳ ನಡುವೆ ಈಚೆಗೆ ಇನ್ನೊಂದು ಕೆಲಸ ಸೇರಿಕೊಂಡಿದೆ. ಮೊಬೈಲಿನಲ್ಲಿ ತರಿಸಿಕೊಂಡ ಸಾಮಾನು ಕೆಟ್ಟಾಗ, ಒಡೆದು ಬಂದಾಗ, ಕೇಳಿದ್ದೊಂದು ಬಂದಿದ್ದೊಂದು ಆದಾಗ ಜನ ರಟ್ಟಿನ ಪೆಟ್ಟಿಗೆಯ ಸಮೇತ ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತಾರೆ. ಅವರ ಪರವಾಗಿ ದೂರು ಬರೆಯುವವಳು ನಾನೇ.

ಕಳೆದ ಚಳಿಗಾಲದ ಒಂದು ಸಂಗತಿ ನನ್ನ ಮನಸ್ಸಿನಿಂದ ಹೋಗಿಲ್ಲ. ನಮ್ಮೂರಿನ ರೇಷ್ಮೆ ಬೆಳೆಗಾರರೊಬ್ಬರು, ಅರವತ್ತು ದಾಟಿದವರು, ಹುಳು ಮನೆಗೆಂದು 6,400 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ಒಂದು ಹೀಟರ್ ತರಿಸಿದ್ದರು. ನಾಲ್ಕನೇ ಜ್ವರದಿಂದ, ಎಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಎದ್ದ ಹುಳುವಿಗೆ ಸುಮಾರು 24 ಡಿಗ್ರಿ ಶಾಖ ಬೇಕು. ಹೀಟರ್ ಎರಡು ರಾತ್ರಿ ಉರಿದು ಮೂರನೆಯ ರಾತ್ರಿ ನಿಂತಿತು. ಹುಳು ಮೇವು ಬಿಟ್ಟವು. ಅರ್ಧದಷ್ಟು ಹುಳು ಗೂಡು ಕಟ್ಟುವ ಚಂದ್ರಿಕೆ ತಟ್ಟೆಯನ್ನೇ ಹತ್ತಲಿಲ್ಲ. ಪೆಟ್ಟಿಗೆ ಮನೆಗೆ ಬಂದು ಹನ್ನೆರಡು ದಿನ ಆಗಿತ್ತು, ಹುಳು ಆ ಹಂತಕ್ಕೆ ಬರುವವರೆಗೆ ಅವರು ಅದನ್ನು ಬಿಚ್ಚಿಯೇ ಇರಲಿಲ್ಲ. ಹಿಂದಿರುಗಿಸುವ ಅವಧಿ ಏಳು ದಿನ ಮಾತ್ರ ಎಂದು ಆ್ಯಪ್ ಹೇಳಿತು.

ನಾನು ದೂರು ಹಾಕಿದೆ. ಪೆಟ್ಟಿಗೆ ಬಿಚ್ಚುವಾಗ ತೆಗೆದ ವಿಡಿಯೊ ಕಳುಹಿಸಿ ಎಂದು ಉತ್ತರ ಬಂದಿತು. ವಿಡಿಯೊ ಎಲ್ಲಿಂದ ತರುವುದು? ಅದನ್ನೇ ಬರೆದು ಕಳುಹಿಸಿದೆ. ಆಮೇಲೆ ಅವರ ಮೊಬೈಲಿಗೆ ಮೂರು ಕರೆಗಳು ಬಂದಿವೆ. ಮೂರೂ ಬೆಳಗಿನ ಹೊತ್ತು, ಅವರು ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದಾಗ. ನಾಲ್ಕನೆಯ ದಿನ ಸಂದೇಶ: ‘ನಿಮ್ಮ ದೂರನ್ನು ಬಗೆಹರಿಸಲಾಗಿದೆ. ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?’ ನಾನು ಅದನ್ನು ಓದಿ ಹೇಳಿದಾಗ ಅವರು ಕೇಳಿದ್ದು ಇಷ್ಟೇ: ‘ಯಾರು ಬಗೆಹರಿಸಿದರಮ್ಮ? ನಾನು ಇಲ್ಲೇ ಇದ್ದೆನಲ್ಲ.’

ಈ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಸುತ್ತಲಿನ ಹಳ್ಳಿಗಳ ಸ್ತ್ರೀಶಕ್ತಿ ಸಂಘದ ಕೆಲವರು ಮತ್ತು ನಾನು ಸೇರಿ ಗ್ರಾಹಕ ವ್ಯವಹಾರಗಳ ಇಲಾಖೆಗೆ ಒಂದು ಪತ್ರ ಬರೆಯಬೇಕೆಂದಿದ್ದೇವೆ. ವ್ಯಾಜ್ಯವನ್ನು ಆನ್‌ಲೈನಿನಲ್ಲಿಯೇ ತೀರಿಸುವ ವ್ಯವಸ್ಥೆ ನ್ಯಾಯವಾಗಿರಬೇಕಾದರೆ ಅದು ಹೇಗೆ ಕಟ್ಟಲ್ಪಟ್ಟಿರಬೇಕು? ಬಲ್ಲವರು ದಯವಿಟ್ಟು ಬರೆಯಿರಿ. ಬೈಗುಳ ಬೇಡ, ಪತ್ರದಲ್ಲಿ ಹಾಕಬಹುದಾದ ಮಾತು ಬೇಕು.

ಕೋಲಾರದ ವಕೀಲ:

ಅಕ್ಕ, ಮೊದಲು ಅವರ ಕೈಯಲ್ಲಿ ಈಗಲೇ ಏನಿದೆ ಎಂಬುದನ್ನು ಹೇಳುತ್ತೇನೆ. ಆ ಸಂದೇಶಕ್ಕೆ ಕಾನೂನಿನ ಬಲ ಏನೇನೂ ಇಲ್ಲ. ಕಂಪನಿ ತನ್ನ ಪುಸ್ತಕದಲ್ಲಿ ಮುಗಿದಿದೆ ಎಂದು ಬರೆದುಕೊಂಡರೆ ಅವರ ಹಕ್ಕು ಮುಗಿಯುವುದಿಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ಅದರಲ್ಲಿ ಬಂದ ದೊಡ್ಡ ಬದಲಾವಣೆ ಎಂದರೆ, ಮಾರಿದವನು ಯಾವ ಊರಿನಲ್ಲಿದ್ದರೂ ಕೊಂಡವನು ತಾನು ವಾಸಿಸುವ ಅಥವಾ ದುಡಿಯುವ ಊರಿನ, ಗ್ರಾಹಕರ ವ್ಯಾಜ್ಯ ತೀರ್ಮಾನಿಸುವ ಜಿಲ್ಲಾ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂದಿಲ್ಲ. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಒಳಗೆ ಕೊಡಬೇಕು. ಎದುರು ಪಕ್ಷದವರು ನೋಟಿಸ್ ತಲುಪಿದ 30 ದಿನಗಳಲ್ಲಿ ಉತ್ತರ ಕೊಡಬೇಕು, ಆಯೋಗ ಹೆಚ್ಚೆಂದರೆ ಇನ್ನು 15 ದಿನ ಕೊಡಬಹುದು. ಅದಕ್ಕಿಂತ ಒಂದು ದಿನವೂ ಹೆಚ್ಚಿಗೆ ಕೊಡುವಂತಿಲ್ಲ ಎಂದು 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ.

ಕೃಷಿ ಕೆಲಸಕ್ಕೆ ಕೊಂಡದ್ದಲ್ಲವೇ, ಅವರು ಗ್ರಾಹಕರೇ ಅಲ್ಲ ಎಂದು ಕಂಪನಿ ವಾದಿಸಬಹುದು. ಹೆದರಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಬಳಸುವ ವಸ್ತು ವಾಣಿಜ್ಯ ಉದ್ದೇಶದ್ದಲ್ಲ ಎಂದು ಕಾಯ್ದೆಯ ವಿವರಣೆಯೇ ಹೇಳುತ್ತದೆ.

ಆ ವಿಡಿಯೊ ವಿಚಾರಕ್ಕೆ ನನಗೆ 2012ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ರಾಷ್ಟ್ರೀಯ ಬೀಜ ನಿಗಮದ ಪ್ರಕರಣ ನೆನಪಾಗುತ್ತದೆ. ಬೀಜ ಕಳಪೆ ಎಂದು ರೈತರು ದೂರಿದಾಗ, ಪರೀಕ್ಷೆಗೆ ಮಾದರಿ ಎಲ್ಲಿ ಎಂದು ನಿಗಮ ಕೇಳಿತ್ತು. ರೈತ ಕೊಂಡ ಬೀಜವನ್ನೆಲ್ಲ ಬಿತ್ತುತ್ತಾನೆ, ಮುಂದೊಂದು ದಿನ ವ್ಯಾಜ್ಯವಾದೀತು ಎಂದು ಒಂದು ಹಿಡಿ ಎತ್ತಿಡುತ್ತಾನೆಂದು ನಿರೀಕ್ಷಿಸಲಾಗದು. ಅದೇ ತಳಿಯ ಅದೇ ಕಂತಿನ ಬೀಜ ಕಂಪನಿಯ ಬಳಿ ಇರುತ್ತದೆ, ಬೇಕಿದ್ದರೆ ಅದನ್ನು ತರಿಸಬಹುದಿತ್ತು ಎಂಬುದು ನ್ಯಾಯಾಲಯದ ನಿಲುವಾಗಿತ್ತು. ಹುಳು ಮನೆಗೆ ಹೀಟರ್ ತಂದವನು ಪೆಟ್ಟಿಗೆ ಬಿಚ್ಚುವಾಗ ವಿಡಿಯೊ ಹಿಡಿಯಬೇಕಿತ್ತು ಎನ್ನುವುದೂ ಅದೇ ಬಗೆಯ ವಾದ. ನಿಮ್ಮ ಪತ್ರದಲ್ಲಿ ಇದನ್ನು ಬರೆಯಿರಿ: ಸಾಕ್ಷ್ಯ ಯಾರ ಬಳಿ ಸುಲಭವಾಗಿ ಸಿಗುತ್ತದೆಯೋ ಅವರೇ ಅದನ್ನು ತರಬೇಕು.

ದೇವರಾಯನದುರ್ಗ (ತುಮಕೂರು):

ನಾನು ಬೆಂಗಳೂರಿಗೆ ದಿನವೂ ರೈಲಿನಲ್ಲಿ ಓಡಾಡುವ ಸಾಫ್ಟ್‌ವೇರ್ ಕೆಲಸಗಾರ. ಹತ್ತು ವರ್ಷ ಇಂತಹ ದೂರು ವಿಭಾಗಗಳ ತಂತ್ರಾಂಶವನ್ನೇ ಕಟ್ಟಿದ್ದೇನೆ. ಅಕ್ಕನವರ ಊರಿನ ಹಿರಿಯರ ಪ್ರಶ್ನೆಗೆ ಉತ್ತರ ನನಗೆ ಗೊತ್ತು, ಹೇಳಲು ಕಷ್ಟವಾಗುತ್ತದೆ.

ಬಗೆಹರಿಸಿದವರು ಯಾರೂ ಇಲ್ಲ. ಮೂರು ಕರೆಗೆ ಉತ್ತರ ಬರಲಿಲ್ಲ, ಇಷ್ಟು ಗಂಟೆ ಗ್ರಾಹಕ ಮಾತಾಡಲಿಲ್ಲ ಎಂದಾದರೆ ದೂರು ತಾನಾಗಿ ಮುಚ್ಚಿಕೊಳ್ಳುತ್ತದೆ. ಅಂತಹ ಸಾಲುಗಳನ್ನು ನಾನೇ ಬರೆದಿದ್ದೇನೆ. ಕೆಲಸ ಹೇಳಿದವರು ಕೆಟ್ಟವರೇನಲ್ಲ. ಅವರ ಮೇಲಿನವರು ಅಳೆಯುತ್ತಿದ್ದದ್ದು ಒಂದನ್ನೇ: ಒಂದು ದೂರು ಎಷ್ಟು ಹೊತ್ತಿನಲ್ಲಿ ಮುಚ್ಚಿತು? ಗ್ರಾಹಕನಿಗೆ ಹಣ ಬಂದಿತೇ, ಕಾರಣ ತಿಳಿಯಿತೇ ಎಂಬುದಕ್ಕೆ ಆ ಪಟ್ಟಿಯಲ್ಲಿ ಅಂಕಣವೇ ಇರಲಿಲ್ಲ. ಅಳತೆಗೋಲು ಎತ್ತ ತಿರುಗುತ್ತದೆಯೋ ಕೆಲಸವೂ ಅತ್ತಲೇ ತಿರುಗುತ್ತದೆ.

2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಅದೇ ನಿಯಮಗಳಲ್ಲಿ ಇನ್ನೊಂದು ಒಳ್ಳೆಯ ಮಾತಿದೆ. ಕೊಳ್ಳುವವರ ಒಪ್ಪಿಗೆಯನ್ನು ಸ್ಪಷ್ಟವಾಗಿ ಪಡೆಯಬೇಕು, ಮೊದಲೇ ಗುರುತು ಹಾಕಿಟ್ಟ ಪೆಟ್ಟಿಗೆಯ ಮೂಲಕ ಒಪ್ಪಿಗೆ ಪಡೆದೆವೆನ್ನುವಂತಿಲ್ಲ. ಕೊಳ್ಳುವಾಗ ಮೌನ ಒಪ್ಪಿಗೆಯಲ್ಲ ಎಂದ ಮೇಲೆ ದೂರು ಮುಚ್ಚುವಾಗ ಮೌನ ಒಪ್ಪಿಗೆ ಹೇಗಾಗುತ್ತದೆ? ಮೌನಂ ಸಮ್ಮತಿ ಲಕ್ಷಣಂ ಎಂಬ ಹಳೆಯ ಮಾತನ್ನು ತಂತ್ರಾಂಶದೊಳಗೆ ಇಳಿಸಿಬಿಟ್ಟಿದ್ದೇವೆ. ಸೊಪ್ಪು ಕೊಯ್ಯುವವನ ಮೌನ ಸಮ್ಮತಿಯಲ್ಲ.

ನನ್ನ ಸಲಹೆ: ಮೌನದ ಹೊರೆ ಕಂಪನಿಯ ಮೇಲೆ ಬೀಳಬೇಕು. ಗ್ರಾಹಕ ಸುಮ್ಮನಿದ್ದರೆ ದೂರು ಕಾಯಬೇಕು. ಕಂಪನಿ ಸುಮ್ಮನಿದ್ದರೆ ದೂರು ತಾನಾಗಿ ಮೇಲಿನ ಹಂತಕ್ಕೆ ಹೋಗಬೇಕು. ಗಡಿಯಾರ ಒಂದೇ, ಯಾರ ವಿರುದ್ಧ ಓಡುತ್ತದೆ ಎಂಬುದರಲ್ಲಿ ನ್ಯಾಯ ಇದೆ. ಮುಚ್ಚುವ ಗುಂಡಿ ದೂರುದಾರನ ಬೆರಳಿಗೆ ಮಾತ್ರ ಸಿಗುವಂತಿರಬೇಕು.

ಬಿ.ಎಚ್. ರಸ್ತೆ ಅಂಗಡಿ (ತುಮಕೂರು):

ಈ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ, ಕ್ಷಮಿಸಿ.

ತುಮಕೂರಿನಲ್ಲಿ ನನ್ನದೊಂದು ಸಣ್ಣ ಎಲೆಕ್ಟ್ರಿಕಲ್ ಅಂಗಡಿ. ಅಂಗಡಿಗೆ ಬಂದು ಕೊಳ್ಳುವವರ ವ್ಯಾಪಾರ ಇಳಿದ ಮೇಲೆ ಆನ್‌ಲೈನ್ ಮಾರುಕಟ್ಟೆಯೊಂದರಲ್ಲಿ ಮಾರಾಟಕ್ಕೆ ಸೇರಿಕೊಂಡೆ. ಹೊಸ ಇಸ್ತ್ರಿ ಪೆಟ್ಟಿಗೆ ಕಳುಹಿಸಿದರೆ ಹಳೆಯ, ತಳ ಸುಟ್ಟ ಇಸ್ತ್ರಿ ಪೆಟ್ಟಿಗೆ ಹಿಂದಿರುಗಿ ಬಂದದ್ದಿದೆ. ಗ್ರಾಹಕ ಹಿಂದಿರುಗಿಸಿದ ಕೂಡಲೇ ನನ್ನ ಲೆಕ್ಕದಿಂದ ಹಣ ಕಡಿದುಕೊಂಡರು. ನಾನು ಫೋಟೊ ಸಮೇತ ತಕರಾರು ಹಾಕಿದೆ. ಎರಡು ದಿನಕ್ಕೆ ಸಂದೇಶ ಬಂದಿತು: ‘ಪರಿಶೀಲಿಸಲಾಗಿದೆ, ದೂರು ಮುಕ್ತಾಯವಾಗಿದೆ.’ ಯಾರು ಪರಿಶೀಲಿಸಿದರು, ಏನನ್ನು ನೋಡಿದರು, ನನ್ನ ಫೋಟೊ ತೆರೆದರೇ? ಏನೂ ಗೊತ್ತಿಲ್ಲ. ನನ್ನಂತಹವನಿಗೆ ತಿಂಗಳಿಗೆ ಇಂತಹ ನಾಲ್ಕು ಬಂದರೆ ಹುಡುಗನ ಸಂಬಳ ಹೋಯಿತು.

ಮುಚ್ಚುವ ಗುಂಡಿ ಕೊಂಡವನ ಕೈಯಲ್ಲಿ ಮಾತ್ರ ಎಂದರೆ ಸುಳ್ಳು ಹೇಳುವವನು ಅದನ್ನು ಎಂದೂ ಒತ್ತುವುದಿಲ್ಲ. ಹಣ ತಡೆಹಿಡಿದಿದ್ದರೆ ನನ್ನ ಹಣ ಕೊಳೆಯುತ್ತಾ ಬಿದ್ದಿರುತ್ತದೆ. ಗ್ರಾಹಕನಿಗೆ ನ್ಯಾಯ ಬೇಕೆಂದು ಬರೆಯುವ ಪತ್ರದಲ್ಲಿ ಮಾರುವವನು ಯಾವಾಗಲೂ ಕಳ್ಳ ಎಂಬ ಭಾವ ಬೇಡ. ಮಧ್ಯದಲ್ಲಿ ಕುಳಿತ ಮಾರುಕಟ್ಟೆ ದೊಡ್ಡದು. ಅದರ ಎರಡು ತುದಿಯಲ್ಲಿ ಇರುವ ನಾನೂ ನಿಮ್ಮ ಊರಿನ ರೇಷ್ಮೆ ಬೆಳೆಗಾರರೂ ಸಣ್ಣವರೇ.

ಹಿಪ್ಪುನೇರಳೆ:

ಅಣ್ಣ, ನೀವು ಬರೆದದ್ದನ್ನು ಎರಡು ಸಲ ಓದಿದೆ. ನಿಮಗೆ ಬಂದ ಸಂದೇಶವೂ ಅವರಿಗೆ ಬಂದ ಸಂದೇಶವೂ ಒಂದೇ ಗುಂಡಿಯಿಂದ ಬಂದವು. ನನಗೆ ಇದು ಹೊಳೆದಿರಲಿಲ್ಲ. ಆ ಹೀಟರ್ ಮಾರಿದವರೂ ಎಲ್ಲೋ ನಿಮ್ಮಂತಹ ಅಂಗಡಿಯವರಿರಬಹುದು.

ಹಾಗಾದರೆ ಗುಂಡಿ ಯಾರ ಕೈಯಲ್ಲಿರಬೇಕು? ಇಬ್ಬರೂ ಒಪ್ಪಿದರೆ ಮುಚ್ಚಲಿ, ಅದು ಸರಿ. ಒಪ್ಪದಿದ್ದರೆ?

ಶಿರಾದ ವಿದ್ಯಾರ್ಥಿನಿ:

ತುಮಕೂರಿನಲ್ಲಿ ಕಾನೂನು ಓದುತ್ತಿದ್ದೇನೆ. ಒಪ್ಪದಿದ್ದರೆ ಮೂರನೆಯವರು ಕಾರಣ ಬರೆದು ಮುಚ್ಚಬೇಕು. ಕಾರಣ ಇಲ್ಲದ ಮುಕ್ತಾಯ ಮುಕ್ತಾಯವೇ ಅಲ್ಲ. ಅಂಗಡಿಯ ಅಣ್ಣನವರು ಕೇಳಿದ್ದೂ ಅದನ್ನೇ: ಯಾರು ನೋಡಿದರು, ಏನನ್ನು ನೋಡಿದರು.

ಆದರೆ ಆ ಮೂರನೆಯವರಿಗೆ ಸಂಬಳ ಕೊಡುವವರು ಯಾರು ಎಂಬಲ್ಲಿ ಎಲ್ಲ ಇದೆ. ಕಂಪನಿ ತಾನೇ ಆರಿಸಿದ ಆನ್‌ಲೈನ್ ಸಂಸ್ಥೆಗೆ ವರ್ಷಕ್ಕೆ ಸಾವಿರಾರು ದೂರುಗಳನ್ನು ಕಳುಹಿಸುತ್ತದೆ ಎಂದುಕೊಳ್ಳಿ. ನಮ್ಮ ರೈತರು ಜೀವಮಾನದಲ್ಲಿ ಒಂದು ಸಲ ಅಲ್ಲಿಗೆ ಹೋಗುತ್ತಾರೆ. ಆ ಸಂಸ್ಥೆ ಯಾರ ಮುಖ ನೋಡುತ್ತದೆ? ಲಂಚ ಕೊಡಬೇಕಾಗಿಯೇ ಇಲ್ಲ, ಮುಂದಿನ ವರ್ಷದ ಒಪ್ಪಂದದ ಆಸೆ ಸಾಕು. ವ್ಯಾಜ್ಯದ ಫಲದಲ್ಲಿ ಹಿತಾಸಕ್ತಿ ಇರುವವನು ತಾನೊಬ್ಬನೇ ಮಧ್ಯಸ್ಥಗಾರನನ್ನು (ನ್ಯಾಯಾಲಯದ ಹೊರಗೆ ತೀರ್ಪು ಕೊಡುವ ಆರ್ಬಿಟ್ರೇಟರ್) ನೇಮಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ಸಾರ್ವಜನಿಕ ಸಂಸ್ಥೆಗಳು ಖಾಸಗಿಯವರೊಂದಿಗೆ ಮಾಡಿಕೊಳ್ಳುವ ಒಪ್ಪಂದಗಳಲ್ಲಿ ಇಂತಹ ಏಕಪಕ್ಷೀಯ ನೇಮಕ ಸಮಾನತೆಗೆ ವಿರುದ್ಧ ಎಂದು 2024ರ ನವೆಂಬರ್ 8ರಂದು ಸಂವಿಧಾನ ಪೀಠವೂ ಹೇಳಿದೆ. ಒಪ್ಪಂದದಲ್ಲಿ ಇಂತಹ ಮಧ್ಯಸ್ಥಗಾರನ ಬಳಿಗೇ ಹೋಗಬೇಕೆಂಬ ಷರತ್ತು ಇದ್ದರೂ ಗ್ರಾಹಕನು ಆಯೋಗಕ್ಕೆ ಹೋಗುವ ದಾರಿ ಮುಚ್ಚುವುದಿಲ್ಲ ಎಂಬುದು 2018ರ ಇನ್ನೊಂದು ತೀರ್ಪಿನಿಂದ ಸ್ಪಷ್ಟವಾಗಿದೆ. ಆ್ಯಪಿನ ಷರತ್ತುಗಳನ್ನು ಓದಿ ಎಷ್ಟೋ ಜನ ಆಯೋಗಕ್ಕೆ ಹೋಗುವಂತಿಲ್ಲ ಎಂದು ತಿಳಿದು ಸುಮ್ಮನಾಗುತ್ತಾರೆ, ಅದಕ್ಕೆ ಇದನ್ನು ಬರೆದೆ.

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಮಾದರಿಯನ್ನು ನೋಡಬೇಕು. ಅಲ್ಲಿ 2016ರಿಂದ ಸರಕಾರಿ ಆನ್‌ಲೈನ್ ನ್ಯಾಯಮಂಡಳಿ ನಡೆಯುತ್ತಿದೆ, 2017ರಿಂದ 5,000 ಡಾಲರ್‌ವರೆಗಿನ ಸಣ್ಣ ವ್ಯಾಜ್ಯಗಳನ್ನೂ ತೆಗೆದುಕೊಳ್ಳುತ್ತದೆ. ಮೊದಲು ಪ್ರಶ್ನೆಗಳ ಮೂಲಕ ನಿಮ್ಮ ಹಕ್ಕು ಏನೆಂದು ತಿಳಿಸುತ್ತದೆ. ಆಮೇಲೆ ಇಬ್ಬರೇ ಮಾತಾಡಿಕೊಳ್ಳಲು ಜಾಗ, ಆಗದಿದ್ದರೆ ನಡುವೆ ನಿಂತು ಸಂಧಾನ ಮಾಡುವವರು, ಅದೂ ಆಗದಿದ್ದರೆ ಮಂಡಳಿಯ ಸದಸ್ಯರ ತೀರ್ಮಾನ. ತೀರ್ಮಾನಗಳು ಕಾರಣ ಸಮೇತ ಎಲ್ಲರಿಗೂ ಓದಲು ಸಿಗುತ್ತವೆ. ಪ್ರಕಟವಾಗುವುದರಿಂದ ಇನ್ನೊಂದು ಲಾಭ ಇದೆ. ಒಂದೇ ಹೀಟರ್ ಬಗ್ಗೆ ನಲವತ್ತು ದೂರು ಇದ್ದರೆ ನಲವತ್ತೊಂದನೆಯವರಿಗೆ ಅದು ಗೊತ್ತಾಗುತ್ತದೆ. ಈಗ ನಲವತ್ತು ಜನರೂ ತಮ್ಮದೊಂದೇ ಹಣೆಬರಹ ಕೆಟ್ಟದ್ದೆಂದು ತಿಳಿದಿರುತ್ತಾರೆ.

ದೇವರಾಯನದುರ್ಗ:

ಅಂಗಡಿಯವರ ಆಕ್ಷೇಪ ಸರಿ. ಗುಂಡಿ ಒಬ್ಬರ ಕೈಯಲ್ಲಿ ಬೇಡ ಎಂದು ನನ್ನ ಮಾತು ತಿದ್ದಿಕೊಳ್ಳುತ್ತೇನೆ.

ಇನ್ನೊಂದು ವಿಷಯ. ಕಾರಣ ಬರೆದು ತೀರ್ಪು ಕೊಟ್ಟರೂ ಹಣ ಕೈಗೆ ಬಾರದಿದ್ದರೆ ಏನು ಪ್ರಯೋಜನ? ಜನ ಸಾಮಾನು ಕೊಂಡು ಮಾರುವ ಇಬೇ ಜಾಲತಾಣ ವರ್ಷಕ್ಕೆ ಸುಮಾರು 6 ಕೋಟಿ ತಕರಾರುಗಳನ್ನು ಆನ್‌ಲೈನಿನಲ್ಲಿ ತೀರಿಸುತ್ತಿತ್ತು ಎಂದು ಅದನ್ನು ಕಟ್ಟಿದವರು ಹೇಳಿಕೊಂಡಿದ್ದಾರೆ. ಅದರ ಜಾಣ್ಮೆಯನ್ನು ಎಲ್ಲರೂ ಹೊಗಳುತ್ತಾರೆ. ನನ್ನ ದೃಷ್ಟಿಯಲ್ಲಿ ಅದರ ಬಲ ಜಾಣ್ಮೆಗಿಂತ ಹೆಚ್ಚಾಗಿ ಹಣದ ಚೀಲದಲ್ಲಿತ್ತು. 2002ರಿಂದ 2015ರವರೆಗೆ ಪೇಪಾಲ್ ಪಾವತಿ ಸಂಸ್ಥೆ ಇಬೇಯದ್ದೇ ಆಗಿತ್ತು. ತೀರ್ಮಾನ ಆದ ಕೂಡಲೇ ಹಣ ಅತ್ತಿಂದ ಇತ್ತ ಬರುತ್ತಿತ್ತು.

ಯುರೋಪ್ ಒಕ್ಕೂಟ ಇದಕ್ಕೆ ವಿರುದ್ಧವಾದ ದಾರಿ ಹಿಡಿಯಿತು. 2016ರ ಫೆಬ್ರವರಿ 15ರಂದು ಎಲ್ಲ ಸದಸ್ಯ ದೇಶಗಳಿಗೂ ಒಂದೇ ಸರಕಾರಿ ವೇದಿಕೆ ತೆರೆದರು. ಒಕ್ಕೂಟದ ಎಲ್ಲ ಅಧಿಕೃತ ಭಾಷೆಗಳಲ್ಲಿ ದೂರು ಬರೆಯಬಹುದಿತ್ತು. ಆದರೆ ವ್ಯಾಪಾರಿಗಳು ಅಲ್ಲಿಗೆ ಬಂದು ಉತ್ತರಿಸಲೇಬೇಕೆಂಬ ಕಟ್ಟಳೆ ಇರಲಿಲ್ಲ. ಬಹುಪಾಲು ದೂರುಗಳಿಗೆ ಎದುರಿನಿಂದ ಉತ್ತರವೇ ಬರಲಿಲ್ಲ. ಕೊನೆಗೆ 2025ರ ಜುಲೈ 20ರಂದು ಆ ವೇದಿಕೆಯನ್ನು ಮುಚ್ಚಿದರು. ಒಂಬತ್ತು ವರ್ಷ ನಡೆದ ಒಳ್ಳೆಯ ಉದ್ದೇಶದ ಕೆಲಸ ಅದು, ನೆನೆದರೆ ಬೇಸರವಾಗುತ್ತದೆ. ಎದುರಿನವನು ಬಾರದೆ ಇರಬಹುದಾದ ಪಂಚಾಯಿತಿಗೆ ಕಟ್ಟೆ ಎಷ್ಟು ಚೆನ್ನಾಗಿ ಕಟ್ಟಿದರೂ ಅಷ್ಟೇ.

ಅಂತರಗಂಗೆ (ಕೋಲಾರ):

ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತನಾದವನು ನಾನು. ನೀವೆಲ್ಲರೂ ದೂರು ಬಂದ ಮೇಲೆ ಏನಾಗಬೇಕು ಎಂದು ಬರೆಯುತ್ತಿದ್ದೀರಿ. ದೂರನ್ನೇ ಕೊಡಿಸದೆ ಕೊಡುವ ಪರಿಹಾರದ ಬಗ್ಗೆ ಯಾರೂ ಹೇಳಲಿಲ್ಲ.

ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಒಂದು ಸುತ್ತೋಲೆ ಹೊರಡಿಸಿತು. ಎಟಿಎಂನಲ್ಲಿ ಖಾತೆಯಿಂದ ಹಣ ಕಡಿತವಾಗಿ ನೋಟು ಬರದಿದ್ದರೆ ವಹಿವಾಟಿನ ದಿನದ ನಂತರ 5 ದಿನಗಳೊಳಗೆ ಹಣ ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ಅಂಗಡಿಗೆ ಯುಪಿಐ ಮಾಡಿದಾಗ ನಮ್ಮ ಹಣ ಹೋಗಿ ಅಂಗಡಿಯವರಿಗೆ ದೃಢೀಕರಣ ಬಾರದಿದ್ದರೂ ಇದೇ ಲೆಕ್ಕ. ಮುಖ್ಯವಾದ ಮಾತು ಎಂದರೆ, ಗ್ರಾಹಕ ದೂರು ಕೊಡಲಿ ಎಂದು ಕಾಯದೆ ಬ್ಯಾಂಕ್ ತಾನಾಗಿಯೇ ಪರಿಹಾರ ಹಾಕಬೇಕು ಎಂದು ಅದರಲ್ಲಿ ಬರೆದಿದೆ. ಕೌಂಟರಿನಲ್ಲಿ ಕುಳಿತು ಎರಡೂ ಕಾಲವನ್ನು ಕಂಡಿದ್ದೇನೆ. ಹಿಂದೆ ಎಟಿಎಂನಲ್ಲಿ ಹಣ ಸಿಕ್ಕಿಕೊಂಡ ಕೂಲಿಯವರು ಒಂದು ದಿನದ ಕೂಲಿ ಬಿಟ್ಟು ಅರ್ಜಿ ಬರೆಸಿಕೊಂಡು ಬರುತ್ತಿದ್ದರು, ಚೀಟಿ ಇಲ್ಲ ಎಂದು ನಾವು ತಿರುಗಿ ಕಳುಹಿಸಿದ್ದೂ ಇದೆ. ಯಂತ್ರದ ತಪ್ಪು ಯಂತ್ರಕ್ಕೇ ಗೊತ್ತಿರುವಾಗ ಕೂಲಿಯವರಿಂದ ಅರ್ಜಿ ಯಾಕೆ ಬೇಕಿತ್ತು?

ಸಾಮಾನಿಗೂ ಇದನ್ನೇ ಕೇಳಿ. ಪಾರ್ಸೆಲ್ ತಲುಪಲಿಲ್ಲ, ಆರ್ಡರ್ ರದ್ದಾಯಿತು, ವಾಪಸ್ ಪಡೆದ ಮೇಲೆ ಹಣ ಬರಲಿಲ್ಲ. ಇವೆಲ್ಲ ಕಂಪನಿಯ ಕಂಪ್ಯೂಟರಿಗೆ ಗೊತ್ತಿರುವ ಸಂಗತಿಗಳು. ಇಂತಹವಕ್ಕೆ ದೂರು, ಸಂಧಾನ, ಮಂಡಳಿ ಏನೂ ಬೇಡ. ದಿನ ಮೀರಿದರೆ ಹಣ ಬರಲಿ. ಮನುಷ್ಯರು ಕುಳಿತು ನೋಡುವ ಸಮಯವನ್ನು ಹೀಟರಿನಂತಹ, ಇಸ್ತ್ರಿ ಪೆಟ್ಟಿಗೆಯಂತಹ ನಿಜವಾದ ಜಗಳಗಳಿಗೆ ಉಳಿಸಿ.

ಬ್ಯಾಂಕಿನ ಮೇಲಿನ ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರ (ಒಂಬುಡ್ಸ್‌ಮನ್) ಬಳಿಗೆ ಹೋಗುವ ವ್ಯವಸ್ಥೆ ಇದೆ. 2021ರ ನವೆಂಬರ್ 12ರಂದು ಮೂರು ಬೇರೆ ಬೇರೆ ಯೋಜನೆಗಳನ್ನು ಸೇರಿಸಿ ಒಂದೇ ಬಾಗಿಲು ಮಾಡಿದರು. ಯಾವ ಬಾಗಿಲು ತಟ್ಟಬೇಕು ಎಂದು ಹುಡುಕುವ ಕಷ್ಟ ತಪ್ಪಿತು. ಅದೂ ಪತ್ರಕ್ಕೆ ಸೇರಲಿ.

ಬಾಗೇಪಲ್ಲಿ ಟೀಚರ್:

ನನ್ನದು ಭಾಷೆಯ ವಿಷಯ. ನಮ್ಮ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ನನ್ನ ವಿದ್ಯಾರ್ಥಿಗಳ ಅಜ್ಜಿಯರು ಕನ್ನಡ ಮಾತಾಡುತ್ತಾರೆ, ಓದುವುದಿಲ್ಲ. ಕೋಪ ಬಂದರೆ, ದುಃಖ ಬಂದರೆ ತೆಲುಗಿನಲ್ಲಿ ಹೇಳುತ್ತಾರೆ. ದೂರು ಎಂದರೆ ಕೋಪ ಮತ್ತು ದುಃಖ ಎರಡೂ ಅಲ್ಲವೇ? ಅದನ್ನು ಇಂಗ್ಲಿಷಿನ ಇನ್ನೂರು ಅಕ್ಷರದ ಪೆಟ್ಟಿಗೆಯಲ್ಲಿ ತುಂಬಿ ಎಂದರೆ ಯಾರು ತುಂಬುತ್ತಾರೆ? ಕಂಪನಿಯ ಆ್ಯಪ್ ಕೊಳ್ಳುವ ಪುಟವನ್ನೆಲ್ಲ ಕನ್ನಡದಲ್ಲಿ ತೋರಿಸುತ್ತದೆ. ದೂರಿನ ಪುಟಕ್ಕೆ ಹೋದ ಕೂಡಲೇ ಇಂಗ್ಲಿಷ್. ಕನ್ನಡದಲ್ಲಿ ಮಾರಿದವರು ಕನ್ನಡದಲ್ಲಿ ದೂರು ಕೇಳಬೇಕು. ಇದೊಂದು ಸಾಲನ್ನು ನಿಮ್ಮ ಪತ್ರದ ತಲೆಯಲ್ಲಿ ಹಾಕಿ ಎಂದು ಕೈಮುಗಿದು ಕೇಳುತ್ತೇನೆ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೆ 17 ಭಾಷೆಗಳಲ್ಲಿ ಮಾತಾಡಬಹುದು, ಕನ್ನಡವೂ ತೆಲುಗೂ ಅದರಲ್ಲಿವೆ. ಧ್ವನಿಯಲ್ಲಿ ಹೇಳಿದ್ದು ದೂರಾಗುತ್ತದೆ ಎಂಬುದೇ ನಮ್ಮ ಹೆಂಗಸರಿಗೆ ಧೈರ್ಯ ಕೊಡುತ್ತದೆ. ಆದರೆ ಮುಂದಿನ ಹಂತಗಳಲ್ಲಿ ಎಲ್ಲ ಬರವಣಿಗೆ.

ಮತ್ತೊಂದು. ಒಟಿಪಿ ಯಾರ ಮೊಬೈಲಿಗೆ ಬರುತ್ತದೆ? ನಮ್ಮಲ್ಲಿ ಹೆಂಗಸರ ಬಹಳಷ್ಟು ನಂಬರುಗಳು ಗಂಡನದು, ಮಗನದು, ಬೆಂಗಳೂರಿನಲ್ಲಿರುವ ಮೊಮ್ಮಗನದು. ಅವನು ಕೆಲಸದಲ್ಲಿದ್ದರೆ ಇವರ ದೂರು ನಿಂತಿತು. ನಂಬಿಕೆಯ ಎರಡನೆಯ ನಂಬರ್ ಒಂದನ್ನು, ಉದಾಹರಣೆಗೆ ಸೇವಾ ಕೇಂದ್ರದ್ದು, ದೂರುದಾರರೇ ಹೇಳಿ ಸೇರಿಸುವ ಅವಕಾಶ ಬೇಕು. ಬೇಡವೆಂದಾಗ ತೆಗೆಯುವ ಅವಕಾಶವೂ ಬೇಕು.

ತಿಪಟೂರಿನಿಂದ, ಕಣ್ಣು ಕಾಣದವನು:

ಒಂದೇ ಮಾತು ಸೇರಿಸುತ್ತೇನೆ. ಪರದೆ ಓದುವ ತಂತ್ರಾಂಶದಿಂದ ನಾನು ಇದನ್ನೆಲ್ಲ ಕೇಳಿಸಿಕೊಂಡೆ, ಧ್ವನಿಯಿಂದಲೇ ಬರೆಯುತ್ತಿದ್ದೇನೆ. ದೂರಿನ ಪುಟದಲ್ಲಿ ವಕ್ರ ಅಕ್ಷರಗಳ ಚಿತ್ರ ಬಂದರೆ ನನ್ನ ದಾರಿ ಅಲ್ಲಿಗೆ ಮುಗಿಯಿತು. ‘ಹಾಳಾದ ಭಾಗದ ಸ್ಪಷ್ಟ ಫೋಟೊ ಕಳುಹಿಸಿ’ ಎಂದರೂ ಹಾಗೆಯೇ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆ ಎಟುಕುವಂತಿರುವುದು ಬದುಕುವ ಹಕ್ಕಿನ ಭಾಗ ಎಂದು ಹೇಳಿದೆ. ಆ ತೀರ್ಪು ಬಂದದ್ದು ಗುರುತು ದೃಢೀಕರಣದ ವಿಷಯದಲ್ಲಿ. ದೂರಿನ ಬಾಗಿಲಿಗೂ ಅದು ಅನ್ವಯವಾಗಬೇಕೆಂದು ಬರೆಯಿರಿ.

ಕೋಲಾರದ ವಕೀಲ:

ಆನ್‌ಲೈನ್ ಎಂದ ಕೂಡಲೇ ಎಲ್ಲವೂ ಆನ್‌ಲೈನ್ ಆಗಲೇಬೇಕು ಎಂದು ಬರೆಯಬೇಡಿ. ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಸೆಪ್ಟೆಂಬರ್‌ನಲ್ಲಿ ಇ-ದಾಖಿಲ್ ತಾಣವನ್ನು ಆರಂಭಿಸಿತು, 2025ರ ಜನವರಿಯಿಂದ ಇ-ಜಾಗೃತಿ ತಾಣ ಬಂದಿದೆ. ಮನೆಯಲ್ಲಿ ಕುಳಿತು ದೂರು ದಾಖಲಿಸಬಹುದು. ಕಾರಣ ತೋರಿಸಿ ಅರ್ಜಿ ಕೊಟ್ಟರೆ ವಿಡಿಯೊ ಮೂಲಕ ವಿಚಾರಣೆಗೂ ಆಯೋಗ ಅನುಮತಿ ಕೊಡಬಹುದು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ಮುಂಚೆ ಬಾಗೇಪಲ್ಲಿಯವರು ಇಂತಹ ಕೆಲಸಗಳಿಗೆ ಕೋಲಾರದವರೆಗೆ ಬರಬೇಕಿತ್ತು. ಸಣ್ಣ ಮೊತ್ತಕ್ಕೆ ಅಷ್ಟು ದೂರ ಬರುವವರು ಯಾರು? ಆದ್ದರಿಂದ ಇದು ದೊಡ್ಡ ಅನುಕೂಲ, ಸಂದೇಹವಿಲ್ಲ. ಆದರೆ ಮುಖಾಮುಖಿ ನಿಂತು ಹೇಳಬೇಕೆನ್ನುವವರಿಗೆ ಆ ಬಾಗಿಲೂ ತೆರೆದಿರಬೇಕು. ಆಯ್ಕೆ ದೂರುದಾರರದ್ದಾಗಿರಲಿ.

1915ರ ಬಗ್ಗೆ ಒಂದು ಎಚ್ಚರಿಕೆ. ಸಹಾಯವಾಣಿ ದೂರನ್ನು ಕಂಪನಿಗೆ ತಲುಪಿಸಿ ಒತ್ತಾಯಿಸುತ್ತದೆ, ಬಹಳ ಸಲ ಕೆಲಸವೂ ಆಗುತ್ತದೆ. ಆದರೆ ಆದೇಶ ಕೊಡುವ ಅಧಿಕಾರ ಅದಕ್ಕಿಲ್ಲ. ಆಯೋಗದ ಆದೇಶವನ್ನು ಪಾಲಿಸದಿದ್ದರೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಇಲ್ಲವೇ ಕನಿಷ್ಠ 25,000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. ಎರಡಕ್ಕೂ ಇರುವ ಈ ಅಂತರವನ್ನು ಜನರಿಗೆ ಮೊದಲೇ ತಿಳಿಸಬೇಕು. ಸಹಾಯವಾಣಿಯಲ್ಲಿ ಕೆಲಸ ಆಗದಿದ್ದಾಗ ಅದೇ ಕಾಗದಗಳು ಒಂದೇ ಗುಂಡಿಯಿಂದ ಆಯೋಗಕ್ಕೆ ಹೋಗುವಂತಾಗಬೇಕು, ಮತ್ತೆ ಮೊದಲಿನಿಂದ ಬರೆಸಬಾರದು.

ಇನ್ನು ರಾಜಿಯ ಬಗ್ಗೆ. ಹೊಸ ಕಾಯ್ದೆಯಲ್ಲಿ ಆಯೋಗಗಳಿಗೆ ಹೊಂದಿಕೊಂಡಂತೆ ರಾಜಿ ಸಂಧಾನದ (ಮೀಡಿಯೇಷನ್) ಕೋಶಗಳಿವೆ, ಇಬ್ಬರೂ ಒಪ್ಪಿದರೆ ಅಲ್ಲಿಗೆ ಕಳುಹಿಸುತ್ತಾರೆ. ಅಲ್ಲಿ ಆದ ರಾಜಿಯ ಮೇಲೆ ಹೊರಡುವ ಆದೇಶಕ್ಕೆ ಮೇಲ್ಮನವಿ ಇಲ್ಲ. ಎಂದರೆ ಅಲ್ಲಿ ‘ಒಪ್ಪಿದೆ’ ಎನ್ನುವುದು ತುಂಬ ತೂಕದ ಮಾತು. ಅದನ್ನು ಮೊಬೈಲ್ ಪರದೆಯ ಮೇಲಿನ ಒಂದು ಹಸಿರು ಗುಂಡಿಗೆ ಇಳಿಸುವುದಾದರೆ, ಒತ್ತುವ ಮೊದಲು ರಾಜಿಯ ಪೂರ್ತಿ ಮಾತನ್ನು ಅವರ ಭಾಷೆಯಲ್ಲಿ ಗಟ್ಟಿಯಾಗಿ ಓದಿ ಕೇಳಿಸಬೇಕು, ಒಂದೆರಡು ದಿನ ಯೋಚಿಸಲು ಬಿಡಬೇಕು. ಆನ್‌ಲೈನ್ ವ್ಯವಸ್ಥೆಯಲ್ಲಿ ನನಗೆ ನಿಜವಾಗಿ ಭಯ ಇರುವುದು ಇಲ್ಲಿ.

ಬಿ.ಎಚ್. ರಸ್ತೆ ಅಂಗಡಿ:

ಯೋಚಿಸಲು ಸಮಯ ಕೊಡುವುದಾದರೆ ಸಣ್ಣ ಮಾರಾಟಗಾರರಿಗೂ ಕೊಡಿ. ಕಾರಣ ಬರೆದ ತೀರ್ಮಾನ ನನಗೂ ಬರಲಿ. ಸೋತರೆ ಸೋತೆ ಎಂದು ಒಪ್ಪುತ್ತೇನೆ, ಯಾಕೆ ಸೋತೆ ಎಂದು ತಿಳಿದರೆ ಸಾಕು. ಬಿಚ್ಚುವ ವಿಡಿಯೊ ಕೇಳುವುದನ್ನು ಪೂರ್ತಿ ಬಿಡಿ ಎಂದು ಮಾತ್ರ ಹೇಳಲಾರೆ. ಇದ್ದವರು ಕೊಡಲಿ, ಇಲ್ಲವೆಂದ ಮಾತ್ರಕ್ಕೆ ದೂರು ಬೀಳದಿರಲಿ. ಮಾಲು ಕಳುಹಿಸುವಾಗ ಅದರ ಕ್ರಮಸಂಖ್ಯೆಯ ಫೋಟೊ ತೆಗೆದಿಡುವ ಜವಾಬ್ದಾರಿ ನನ್ನದು, ವಾಪಸ್ ಪಡೆಯುವಾಗ ಅದನ್ನು ತಾಳೆ ನೋಡುವ ಜವಾಬ್ದಾರಿ ಸಾಗಿಸುವವರದು ಎಂದು ಬರೆದರೆ ನಾನೂ ಪತ್ರಕ್ಕೆ ಸಹಿ ಹಾಕುತ್ತೇನೆ.

ಹಿಪ್ಪುನೇರಳೆ:

ಎಲ್ಲರಿಗೂ ಕೃತಜ್ಞತೆ. ಇಷ್ಟು ಬರುತ್ತದೆಂದು ನಾನು ಎಣಿಸಿರಲಿಲ್ಲ. ಕ್ರಮಸಂಖ್ಯೆಯ ಮಾತು ಸೇರಿಸಿದ್ದೇನೆ ಅಣ್ಣ, ನಿಮ್ಮ ಸಹಿ ಬೇಕು. ಟೀಚರ್ ಹೇಳಿದ ಸಾಲು ಪತ್ರದ ಮೊದಲನೆಯ ಸಾಲಾಗಿದೆ. ದೂರು ಮುಗಿಯುವುದು ಇಬ್ಬರ ಸ್ಪಷ್ಟ ಒಪ್ಪಿಗೆಯಿಂದ, ಇಲ್ಲವೇ ಎರಡೂ ಕಡೆಯವರ ಸಂಬಳದಲ್ಲಿ ಇಲ್ಲದ ಮೂರನೆಯವರು ಹೆಸರು ಹಾಕಿ ಬರೆದ ಕಾರಣದಿಂದ. ಮೌನದಿಂದ ಎಂದೂ ಅಲ್ಲ. ಇದು ಎರಡನೆಯದು.

ನಿನ್ನೆ ಸಂಜೆ ಆ ಹಿರಿಯರನ್ನು ಕೇಂದ್ರಕ್ಕೆ ಕರೆದು ಕರಡನ್ನು ಪೂರ್ತಿ ಓದಿ ಹೇಳಿದೆ. ಹೊಸ ಚಾಕಿ (ಎಳೆಯ ಹುಳು) ತಂದು ಒಂದು ವಾರ ಆಗಿದೆ, ಕೈಯಲ್ಲಿ ಇನ್ನೂ ಸೊಪ್ಪಿನ ವಾಸನೆ ಇತ್ತು. 1915ರ ಮೂಲಕ ಕಂಪನಿ ಹೀಟರಿನ ಹಣ ಕೊಡಲು ಒಪ್ಪಿದೆ ಎಂದು ಹೋದ ವಾರ ತಿಳಿದುಬಂದಿತ್ತು. 6,400 ರೂಪಾಯಿ, ಅಷ್ಟೇ. ಅದನ್ನು ತೆಗೆದುಕೊಂಡು ಮುಗಿಸುವುದೇ, ಹಾಳಾದ ಬೆಳೆಗೆಂದು ಆಯೋಗಕ್ಕೆ ಹೋಗುವುದೇ ಎಂದು ಕೇಳಿದೆ. ಯೋಚಿಸುತ್ತೇನೆ ಎಂದರು. ನಾನು ಒತ್ತಾಯ ಮಾಡಲಿಲ್ಲ.

ಎದ್ದು ಹೊರಡುವಾಗ ದೂರಿನ ನಮೂನೆಯನ್ನು ಪರದೆಯ ಮೇಲೆ ತೋರಿಸು ಎಂದರು. ತೋರಿಸಿದೆ. ವಸ್ತುವಿನ ಹೆಸರು, ಕೊಂಡ ದಿನ, ಬೆಲೆ, ಬಿಲ್ಲಿನ ಸಂಖ್ಯೆ. ಒಂದೊಂದನ್ನೂ ಓದಿಸಿದರು. ಕೊನೆಗೆ ‘ನನ್ನ ಹುಳು ಸತ್ತದ್ದನ್ನು ಇದರಲ್ಲಿ ಎಲ್ಲಿ ಬರೆಯಬೇಕು?’ ಎಂದು ಕೇಳಿದರು. ಕಂಪನಿಯ ಆ ನಮೂನೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ಆ ಅಂಕಣ ಬೇಕೆಂದು ಪತ್ರದ ಮೂರನೆಯ ಸಾಲಿಗೆ ಅವರ ಮಾತನ್ನು ಹಾಗೆಯೇ ಹಾಕಿದ್ದೇನೆ. ಭಾನುವಾರ ಚಿಂತಾಮಣಿಯಲ್ಲಿ ಸೇರುತ್ತಿದ್ದೇವೆ, ಸಹಿ ಹಾಕುವವರು ಹನ್ನೊಂದು ಗಂಟೆಯೊಳಗೆ ಬನ್ನಿ.